ಪರದೇಶದಲ್ಲಿ ಬಾತು ಶಿಕಾರಿ: ಕೋವಿಗಿಂತ ಮೊದಲು ಕಾಗದ

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಬಂದಡ್ಕ ಕಡೆಯ ಹಳೆಯ ಅಡಿಕೆ ಮನೆಗಳಲ್ಲಿ ಲೈಸೆನ್ಸಿನ ತೋಟೆ ಕೋವಿ ಈಗಲೂ ಇದೆ. ಹಂದಿ ಕಾಟಕ್ಕೆಂದು ಇಟ್ಟುಕೊಂಡದ್ದು. ಚುನಾವಣೆ ಬಂದರೆ ಪೊಲೀಸ್ ಠಾಣೆಗೆ ಹೋಗಿ ಕೂರುತ್ತದೆ, ಮುಗಿದ ಮೇಲೆ ಮನೆಗೆ ಬರುತ್ತದೆ. ಅಂಥ ಮನೆಗಳ ಮಕ್ಕಳು ಈಗ ಡಲ್ಲಾಸಿನಲ್ಲೋ ಕ್ಯಾಲ್ಗರಿಯಲ್ಲೋ ಆಕ್ಲೆಂಡಿನಲ್ಲೋ ಇದ್ದಾರೆ. ಅಪ್ಪ ಅಮ್ಮ ಕೆಲವು ತಿಂಗಳು ಇದ್ದು ಬರಲು ಹೋಗುತ್ತಾರೆ. ಮಗನ ಆಫೀಸಿನವರು ಒಂದು ಶುಕ್ರವಾರ ಸಂಜೆ, "ನಾಳೆ ಬಾತು ಶಿಕಾರಿ ಇದೆ, ನಿಮ್ಮ ಅಪ್ಪನೂ ಬರಲಿ" ಎನ್ನುತ್ತಾರೆ. ಅಪ್ಪನ ಕಣ್ಣು ಅರಳುತ್ತದೆ.

ಹೋಗಬಹುದು. ಆದರೆ ಶುಕ್ರವಾರ ಸಂಜೆ ಕರೆದು ಶನಿವಾರ ಬೆಳಗ್ಗೆ ಹೋಗುವ ಕೆಲಸ ಅಲ್ಲ ಇದು. ಆರೇಳು ತಿಂಗಳ ಮೊದಲೇ ಶುರು ಮಾಡಿ.

ಊರಿನಲ್ಲಿ ಏಕೆ ಇಲ್ಲ, ಅಲ್ಲಿ ಏಕೆ ಇದೆ

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಕೇರಳದಲ್ಲಿ 2022ರಿಂದ ತೋಟ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಪಂಚಾಯತ್ ಅಧ್ಯಕ್ಷರು ಅನುಮತಿ ಕೊಡಬಹುದು. ಆ ಅನುಮತಿ ಹಂದಿಗೆ ಮಾತ್ರ. ಶಿರಿಯ ಅಳಿವೆಗೋ ಕುಂಬಳೆಯ ಗದ್ದೆಗೋ ಬಂದಿಳಿಯುವ ಬಾತನ್ನು ಹೊಡೆದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿಯಾದರೆ ಶಿಕ್ಷೆ ಇನ್ನೂ ಜಾಸ್ತಿ.

ಚಳಿಗಾಲದಲ್ಲಿ ನಮ್ಮ ದೇಶಕ್ಕೆ ಬರುವ ಸೂಜಿಬಾಲದ ಬಾತು ಕೆನಡಾ, ಅಮೆರಿಕದಲ್ಲೂ ಇದೆ. ಅಲ್ಲಿ ಅದನ್ನು ಹೊಡೆಯಲು ಕಾನೂನೇ ಬಿಡುತ್ತದೆ. ಕಾರಣ ಲೆಕ್ಕ. 1955ರಿಂದ ಅಮೆರಿಕ ಮತ್ತು ಕೆನಡಾ ಸರ್ಕಾರಗಳು ಪ್ರತಿ ವರ್ಷ ವಿಮಾನದಲ್ಲಿ ಕೆಳಮಟ್ಟದಲ್ಲಿ ಹಾರಿ ಮರಿ ಮಾಡುವ ಕೆರೆ, ಹೊಂಡಗಳಲ್ಲಿ ಬಾತುಗಳನ್ನು ಎಣಿಸುತ್ತವೆ. ಕೋವಿಡ್ ಕಾಲದಲ್ಲಿ ಮಾತ್ರ ನಿಂತಿತ್ತು. ಆ ಎಣಿಕೆ ನೋಡಿಕೊಂಡು ಯಾವ ಜಾತಿಯ ಎಷ್ಟು ಹಕ್ಕಿ, ಎಷ್ಟು ದಿನ ಎಂದು ತೀರ್ಮಾನಿಸುತ್ತಾರೆ. ಸಂಖ್ಯೆ ಇಳಿದರೆ ಮಿತಿಯೂ ಇಳಿಯುತ್ತದೆ. ಮುಂದೆ ಬರುವ ಎಲ್ಲ ನಿಯಮಗಳಿಗೂ ಬೇರು ಇದೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ "ಎಷ್ಟು ಕಿರಿಕಿರಿ ಮಾರಾಯ್ರೆ" ಅನ್ನಿಸುವುದಿಲ್ಲ.

ದೇಶ ಮತ್ತು ತಿಂಗಳು

ಮೊದಲು ತಿಂಗಳು ನೋಡಿ, ಆಮೇಲೆ ಟಿಕೆಟ್. ಕೆನಡಾದಲ್ಲಿ ಸೆಪ್ಟೆಂಬರಿನಲ್ಲೇ ಶುರು. ಆಲ್ಬರ್ಟಾ, ಸಸ್ಕಾಚೆವಾನ್ ಕಡೆಯ ಗೋಧಿ ಹೊಲಗಳಿಗೆ ಹೆಬ್ಬಾತುಗಳ ಹಿಂಡು ಇಳಿಯುವ ಹೊತ್ತು ಅದು. ಅಮೆರಿಕದಲ್ಲಿ ಸೆಪ್ಟೆಂಬರ್ ಕೊನೆಯಿಂದ ಜನವರಿ 31ರ ಒಳಗೆ ಪ್ರತಿ ರಾಜ್ಯವೂ ತನ್ನ ದಿನಗಳನ್ನು ಗೊತ್ತು ಮಾಡುತ್ತದೆ. ಹಕ್ಕಿಗಳು ಉತ್ತರದಿಂದ ಚಳಿಯ ಜೊತೆ ಇಳಿಯುವುದರಿಂದ ಟೆಕ್ಸಾಸ್, ಲೂಸಿಯಾನಾ, ಅರ್ಕನ್ಸಾಗೆ ಡಿಸೆಂಬರ್, ಜನವರಿ ಒಳ್ಳೆಯದು. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 1ರಿಂದ ಜನವರಿ 31, ಕಡಲ ದಂಡೆಯ ಕೆಸರಿನಲ್ಲಾದರೆ ಇನ್ನೂ 20 ದಿನ.

ಭೂಮಿಯ ಆ ಕಡೆ ಎಲ್ಲ ತಿರುಗುಮುರುಗು. ಅರ್ಜೆಂಟೀನಾದ ಹಂಗಾಮು ಸುಮಾರು ಮೇಯಿಂದ ಆಗಸ್ಟ್. ನ್ಯೂಜಿಲೆಂಡಿನಲ್ಲಿ ಮೇ ತಿಂಗಳ ಮೊದಲ ಶನಿವಾರ ಬಾಗಿಲು ತೆರೆಯುತ್ತದೆ, ಆ ದಿನ ಅಲ್ಲಿ ಹಬ್ಬವೇ. ಅಡಿಕೆ ಇರುವವರಿಗೆ ಮೇ ಕಷ್ಟ. ಮಳೆಗೆ ಮೊದಲು ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವವರು ಸಿಕ್ಕಿದ ದಿನ ತೋಟದಲ್ಲಿ ನೀವಿರಬೇಕು. ನನ್ನನ್ನು ಕೇಳಿದರೆ ಕೆನಡಾದ ಸೆಪ್ಟೆಂಬರ್ ಕೊನೆ ಸರಿ. ಇಲ್ಲಿ ಕೊಯ್ಲು ಶುರುವಾಗಿರುವುದಿಲ್ಲ, ಅಲ್ಲಿ ಚಳಿ ಇನ್ನೂ ಎಲುಬಿಗೆ ಇಳಿದಿರುವುದಿಲ್ಲ.

ವೀಸಾಕ್ಕೆ ಬೇರೆ ತಲೆಬಿಸಿ ಬೇಡ. ಅಮೆರಿಕಕ್ಕೆ ಮಾಮೂಲಿ ಪ್ರವಾಸಿ ವೀಸಾ ಸಾಕು. ಸಂದರ್ಶನಕ್ಕೆ ಚೆನ್ನೈಗೆ ಹೋಗಬೇಕಾಗುತ್ತದೆ, ಕಾಸರಗೋಡಿನಿಂದ ರಾತ್ರಿ ರೈಲು ಇದೆಯಲ್ಲ. ಉದ್ದೇಶ ಕೇಳಿದರೆ ಮಗನನ್ನು ನೋಡಲು, ಜೊತೆಗೆ ಶಿಕಾರಿ ಪ್ರವಾಸ ಎಂದು ನಿಜವನ್ನೇ ಹೇಳಿ. ಅದು ಅಲ್ಲಿ ಮುಚ್ಚಿಡುವ ವಿಷಯ ಅಲ್ಲ.

ಗೈಡನ್ನು ಹೇಗೆ ಆರಿಸುವುದು

ಹೊಸಬರು ಗೈಡ್ ಇಲ್ಲದೆ ಹೋಗಲೇಬಾರದು. ಜಾಗದ ಯಜಮಾನನ ಒಪ್ಪಿಗೆ, ದೋಣಿ, ಬಿದ್ದ ಹಕ್ಕಿ ತರುವ ನಾಯಿ, ಕೋವಿ, ಹಕ್ಕಿಯನ್ನು ಸೆಳೆಯುವ ಬಾತಿನ ಬೊಂಬೆ ಎಲ್ಲ ಅವನ ಜವಾಬ್ದಾರಿ. ಅದಕ್ಕಿಂತ ಮುಖ್ಯ, ಮಸುಕು ಬೆಳಕಿನಲ್ಲಿ ಹಾರಿ ಬರುವ ಹಕ್ಕಿ ಯಾವುದು ಎಂದು ಅವನಿಗೆ ಗೊತ್ತಾಗುತ್ತದೆ. ನಿಮಗೆ ಆಗುವುದಿಲ್ಲ.

ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ. ನಿಮಗೆ ಸರ್ಕಾರದ ಪರವಾನಗಿ, ವಿಮೆ ಇದೆಯೇ? ಒಂದು ಮರೆಯಲ್ಲಿ, ಅಂದರೆ ಹಕ್ಕಿಗೆ ಕಾಣದಂತೆ ಅಡಗಿ ಕೂರುವ ಜಾಗದಲ್ಲಿ, ಎಷ್ಟು ಜನ ಕೂರಿಸುತ್ತೀರಿ? ಕೋವಿ ಬಾಡಿಗೆ, ತೋಟೆ, ಲೈಸೆನ್ಸ್ ಶುಲ್ಕ ಎಲ್ಲ ಸೇರಿದೆಯೇ, ಬೇರೆಯೇ? ಗಾಳಿ ಮಳೆಗೆ ಹೋಗಲಾಗದಿದ್ದರೆ ಮುಂಗಡ ಏನಾಗುತ್ತದೆ? ಹಕ್ಕಿಯನ್ನು ಸ್ವಚ್ಛ ಮಾಡಿಕೊಡುತ್ತೀರಾ? ಅರವತ್ತು ದಾಟಿದವರು ಮೊಣಕಾಲು ಕೆಸರಿನಲ್ಲಿ ಎಷ್ಟು ದೂರ ನಡೆಯಬೇಕು ಎಂದೂ ಕೇಳಿ. ಕೆನಡಾದ ಹೊಲಗಳಲ್ಲಿ ಕಾರು ಮರೆಯ ಹತ್ತಿರಕ್ಕೇ ಹೋಗುತ್ತದೆ. ಲೂಸಿಯಾನಾದ ಜೌಗಿನಲ್ಲಿ ಹಾಗಲ್ಲ.

ಇಷ್ಟು ಹಕ್ಕಿ ಖಾತ್ರಿ ಎನ್ನುವವನನ್ನು ಬಿಟ್ಟುಬಿಡಿ. ಹಕ್ಕಿಗೆ ರೆಕ್ಕೆ ಇದೆ, ಖಾತ್ರಿ ಕೊಡಲು ಯಾರಿಂದಲೂ ಆಗದು. ಮಿತಿಯೇ ಇಲ್ಲ, ಬೇಕಾದಷ್ಟು ಹೊಡೆಯಿರಿ ಎನ್ನುವವನನ್ನು ಇನ್ನೂ ಬೇಗ ಬಿಡಿ. ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವೂ ಹೌದು. ಗೈಡ್ ಶುಲ್ಕದ ಮೇಲೆ ಟಿಪ್ಸ್ ಕೊಡುವುದು ಅಮೆರಿಕದಲ್ಲಿ ವಾಡಿಕೆ, ಬಜೆಟ್ಟಿನಲ್ಲಿ ಮೊದಲೇ ಸೇರಿಸಿ. ಪ್ರವಾಸ ವಿಮೆ ಕೊಳ್ಳುವಾಗ ಸಣ್ಣ ಅಕ್ಷರ ಓದಿ. ಎಷ್ಟೋ ಪಾಲಿಸಿಗಳು ಶಿಕಾರಿಯ ಗಾಯಕ್ಕೆ ದುಡ್ಡು ಕೊಡುವುದಿಲ್ಲ.

ಮನೆಯ ಕೋವಿ ಮನೆಯಲ್ಲೇ ಇರಲಿ

ಅಜ್ಜನ ಕಾಲದ ಜೋಡುನಳಿಗೆಯನ್ನು ಒಯ್ಯುವ ಆಸೆ ಇರುತ್ತದೆ. ಬೇಡ. ದೇಶದಿಂದ ಹೊರಗೆ ಒಯ್ಯಲು ಇಲ್ಲಿ ಅನುಮತಿ, ವಿಮಾನ ಕಂಪನಿಯ ಒಪ್ಪಿಗೆ, ನಡುವೆ ಇಳಿಯುವ ದೇಶದ ನಿಯಮ, ಅಲ್ಲಿ ಒಳಗೆ ತರಲು ಅನುಮತಿ, ವಾಪಸ್ ಬರುವಾಗ ಮತ್ತೆ ಅಷ್ಟೂ. ಅಷ್ಟಾದ ಮೇಲೂ ಅದು ಅಲ್ಲಿ ಕೆಲಸಕ್ಕೆ ಬರುವುದು ಅನುಮಾನ. ಯಾಕೆಂದು ಮುಂದೆ ಹೇಳುತ್ತೇನೆ. ಗೈಡ್ ಹತ್ತಿರ 12 ಬೋರಿನ ಕೋವಿ ಬಾಡಿಗೆಗೆ ಸಿಗುತ್ತದೆ.

ಅಮೆರಿಕದ ಒಂದು ಕಾನೂನನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ಕೋವಿ, ತೋಟೆ ಇಟ್ಟುಕೊಳ್ಳುವುದು ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ನಿಮ್ಮ ಹತ್ತಿರ ಇರುವುದು. ಅಂದರೆ ಲೈಸೆನ್ಸ್ ಕೈಗೆ ಬರುವ ಮೊದಲು, ಮಗನ ಗೆಳೆಯನ ಹಿತ್ತಲಲ್ಲಿ ಸುಮ್ನೆ ಒಂದು ಈಡು ಹೊಡೆದು ನೋಡುವುದೂ ಬೇಡ. ಕೆನಡಾ ಮತ್ತು ನ್ಯೂಜಿಲೆಂಡಿನಲ್ಲಿ ಸ್ವಲ್ಪ ಸಲೀಸು. ಕೋವಿ ಲೈಸೆನ್ಸ್ ಇರುವವರು ಪಕ್ಕದಲ್ಲೇ ನಿಂತು ನೋಡಿಕೊಳ್ಳುತ್ತಿದ್ದರೆ ಅವರ ಕೋವಿಯನ್ನು ನೀವು ಬಳಸಬಹುದು. ಇಂಗ್ಲೆಂಡಿಗಾದರೆ ಅಲ್ಲಿನವರೊಬ್ಬರು ನಿಮ್ಮ ಪರವಾಗಿ ಪೊಲೀಸರಿಗೆ ಅರ್ಜಿ ಹಾಕಿ ಪರ್ಮಿಟ್ ತೆಗೆದಿಡಬೇಕು.

ಲೈಸೆನ್ಸ್ ಒಂದಲ್ಲ

ಅಮೆರಿಕದಲ್ಲಿ ಬಾತಿಗೆ ಕೈ ಹಾಕಲು ಮೂರು ಕಾಗದ ಬೇಕು. ಮೊದಲನೆಯದು ರಾಜ್ಯದ ಶಿಕಾರಿ ಲೈಸೆನ್ಸ್, ಹೊರಗಿನವರಿಗೆ ದುಬಾರಿ. ಕೆಲವು ದಿನಗಳ ಅಗ್ಗದ ಲೈಸೆನ್ಸ್ ಕೊಡುವ ರಾಜ್ಯಗಳೂ ಇವೆ. ಎರಡನೆಯದು ವಲಸೆ ಹಕ್ಕಿ ಶಿಕಾರಿದಾರರ ನೋಂದಣಿ. ಮೂರನೆಯದು 16 ತುಂಬಿದ ಎಲ್ಲರೂ ಕೊಳ್ಳಬೇಕಾದ ಬಾತು ಸ್ಟಾಂಪು, ಅಂಚೆಚೀಟಿಯಂತೆ ಚಿತ್ರವಿರುವ ಶುಲ್ಕದ ಚೀಟಿ. 1934ರಲ್ಲಿ ಶುರುವಾದ ಈ ಸ್ಟಾಂಪಿನ ಬೆಲೆ 2015ರಿಂದ 25 ಡಾಲರ್. ಆ ದುಡ್ಡಿನಲ್ಲಿ ನೂರಕ್ಕೆ 98ರಷ್ಟು ಜೌಗು ಭೂಮಿ ಕೊಳ್ಳಲು, ಉಳಿಸಲು ಹೋಗುತ್ತದೆ. ಪ್ರತಿ ವರ್ಷ ಸ್ಪರ್ಧೆ ಇಟ್ಟು ಹೊಸ ಚಿತ್ರ ಆರಿಸುತ್ತಾರೆ. ಶಿಕಾರಿ ಮಾಡದವರೂ ಚಿತ್ರ ಚೆಂದ ಎಂದು ಕೊಳ್ಳುತ್ತಾರೆ.

ಹಲವು ರಾಜ್ಯಗಳಲ್ಲಿ ಶಿಕಾರಿ ತರಬೇತಿಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಟೆಕ್ಸಾಸಿನಲ್ಲಿ 1971ರ ಸೆಪ್ಟೆಂಬರ್ 2ರಂದು ಮತ್ತು ನಂತರ ಹುಟ್ಟಿದವರಿಗೆ ಇದು ಕಡ್ಡಾಯ. ತರಬೇತಿ ಆಗದವರಿಗೆ ಒಂದು ಸಲ ಮುಂದೂಡುವ ಅವಕಾಶವಿದೆ, ಲೈಸೆನ್ಸಿನವರು ಜೊತೆಗಿರಬೇಕು ಅಷ್ಟೇ. ಅಪ್ಪನಿಗೆ ಬೇಡ, ಮಗನಿಗೆ ಬೇಕು ಎಂಬ ತಮಾಷೆ ಇಲ್ಲಿ ಆಗುತ್ತದೆ. ಕೆನಡಾದಲ್ಲೂ ಹೀಗೇ, ಕೇಂದ್ರದ ಪರ್ಮಿಟ್, ಅದರ ಮೇಲೆ ಸಂರಕ್ಷಣಾ ಸ್ಟಾಂಪು, ಜೊತೆಗೆ ಪ್ರಾಂತ್ಯದ ಲೈಸೆನ್ಸ್.

ಸೀಸ ಬೇಡ, ಉಕ್ಕು

ನಮ್ಮಲ್ಲಿ ತೋಟೆಯೊಳಗಿನ ಗುಂಡು ಎಂದರೆ ಸೀಸ. ಬಾತಿನ ಶಿಕಾರಿಗೆ ಅದನ್ನು ಅಮೆರಿಕದಲ್ಲಿ 1991ರಿಂದ ದೇಶದಾದ್ಯಂತ ನಿಲ್ಲಿಸಿದ್ದಾರೆ. ಬಾತುಕೋಳಿಗೆ ಹಲ್ಲಿಲ್ಲ. ಕಾಳು ಅರೆಯಲು ಕೆರೆಯ ತಳದ ಸಣ್ಣ ಕಲ್ಲು ನುಂಗಿ ಹೊಟ್ಟೆಯ ಗಟ್ಟಿ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಹತ್ತಾರು ವರ್ಷ ಶಿಕಾರಿ ನಡೆದ ಕೆರೆಯ ತಳದಲ್ಲಿ ಕಲ್ಲಿನ ಜೊತೆ ಸೀಸದ ಗುಂಡೂ ಬಿದ್ದಿರುತ್ತದೆ. ಅದನ್ನೂ ನುಂಗುತ್ತದೆ. ಚೀಲದೊಳಗೆ ಗುಂಡು ಸವೆದು ವಿಷ ರಕ್ತಕ್ಕೆ ಸೇರುತ್ತದೆ, ಹಕ್ಕಿ ಸೊರಗಿ ಸಾಯುತ್ತದೆ. ಅದನ್ನು ತಿಂದ ಹದ್ದಿಗೂ ಅದೇ ಗತಿ. ಹೊಡೆದ ಹಕ್ಕಿಗಿಂತ ಹೊಡೆಯದ ಹಕ್ಕಿಯ ಚಿಂತೆ ಇದು.

ಉಕ್ಕಿನ ಗುಂಡು ಸೀಸಕ್ಕಿಂತ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಎರಡು ಸೈಜು ದೊಡ್ಡದನ್ನು ಹಾಕುತ್ತಾರೆ. ಬಾತಿಗೆ 2, 3, 4ನೇ ನಂಬರು, ಹೆಬ್ಬಾತಿಗೆ ಬಿಬಿ ಎಂಬ ಇನ್ನೂ ದೊಡ್ಡ ಗುಂಡು. ಹಕ್ಕಿ 30, 35 ಮೀಟರಿನ ಒಳಗೆ ಬರುವ ತನಕ ಕಾಯಬೇಕು. ಉಕ್ಕು ಗಟ್ಟಿ, ಸೀಸದಂತೆ ಹಿಸುಕಿಕೊಂಡು ಹೊರಗೆ ಹೋಗುವುದಿಲ್ಲ. ಬಾಯಿ ಬಿಗಿಯಾದ ಹಳೆಯ ನಳಿಗೆ ಉಬ್ಬಬಹುದು, ಬಿರಿಯಬಹುದು. ಅಜ್ಜನ ಕೋವಿ ಬೇಡ ಎಂದದ್ದು ಇದಕ್ಕೇ. ಒಳಗೆ ಮೂರಕ್ಕಿಂತ ಜಾಸ್ತಿ ತೋಟೆ ಹಿಡಿಯುವ ಕೋವಿಯನ್ನೂ ಅಮೆರಿಕದ ಬಾತು ಹಂಗಾಮಿನಲ್ಲಿ ಬಳಸುವಂತಿಲ್ಲ. ಬಾಡಿಗೆ ಕೋವಿಗೆ ಒಳಗೆ ಅಡ್ಡಕಡ್ಡಿ ಹಾಕಿಯೇ ಕೊಡುತ್ತಾರೆ.

ನಿಂತ ಹಂದಿಗೆ ಗುರಿ ಇಟ್ಟು ರೂಢಿಯಾದವರಿಗೆ ಹಾರುವ ಬಾತು ಸಿಗುವುದಿಲ್ಲ. ಹಕ್ಕಿಯ ಮುಂದಕ್ಕೆ ಗುರಿ ಇಡಬೇಕು, ಕೋವಿಯ ಕುದುರೆ (ಟ್ರಿಗರ್) ಎಳೆದ ಮೇಲೂ ನಳಿಗೆ ನಿಲ್ಲದೆ ಚಲಿಸುತ್ತಿರಬೇಕು. ಲೈಸೆನ್ಸ್ ಕೈಗೆ ಬಂದ ಮೇಲೆ ಅಲ್ಲೇ ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವ ರೇಂಜಿನಲ್ಲಿ ಒಂದೆರಡು ಸಂಜೆ ಕಳೆಯಿರಿ. ಮಾನ ಉಳಿಯುತ್ತದೆ.

ಚಳಿ ಮತ್ತು ಮರೆ

ಮಕರ ತಿಂಗಳ ಬೆಳಗ್ಗೆ ಶಾಲು ಹೊದೆಯುವ ನಮಗೆ ಅಲ್ಲಿನ ಚಳಿ ಊಹೆಗೆ ಸಿಗುವಂಥದ್ದಲ್ಲ. ಹತ್ತಿ ಬಟ್ಟೆ ಒಳಗೆ ಹಾಕಬೇಡಿ, ಒದ್ದೆಯಾದರೆ ಆರುವುದಿಲ್ಲ. ಉಣ್ಣೆ ಹಾಕಿ. ನೀರಿಗಿಳಿಯಲು ಎದೆ ತನಕ ಬರುವ ರಬ್ಬರಿನ ಉಡುಪು ಕೊಡುತ್ತಾರೆ. ಅದರ ಸೊಂಟದ ಬೆಲ್ಟನ್ನು ಬಿಗಿಯಾಗಿ ಕಟ್ಟಿ. ಕಾಲು ಜಾರಿದರೆ ಒಳಗೆ ನೀರು ತುಂಬದಂತೆ ತಡೆಯುವುದು ಅದೇ.

ಅಮೆರಿಕದಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗುವ ತನಕ ಮಾತ್ರ ಹೊಡೆಯಬಹುದು. ಹಾಗಾಗಿ ನಸುಕಿಗೇ ಮರೆಯಲ್ಲಿರಬೇಕು. ನೀರಿನ ಮೇಲೆ ಬೊಂಬೆ ಬಾತುಗಳನ್ನು ತೇಲಿಬಿಡುತ್ತಾರೆ. ಬಾತು ಯಾವಾಗಲೂ ಗಾಳಿಗೆ ಎದುರಾಗಿ ಇಳಿಯುತ್ತದೆ. ಅದಕ್ಕೆ ಗಾಳಿ ನಿಮ್ಮ ಬೆನ್ನಿಗೆ ಬೀಳುವಂತೆ ಕೂರಿಸುತ್ತಾರೆ, ಹಕ್ಕಿ ಮುಖಾಮುಖಿ ಬರುತ್ತದೆ. ಬಂದಾಗ ತಲೆ ಎತ್ತಿ ನೋಡಬೇಡಿ. ಮೇಲಿನಿಂದ ಅವಕ್ಕೆ ಮೊದಲು ಕಾಣುವುದು ಮನುಷ್ಯನ ಮುಖವೇ. ಗೈಡ್ ಹೇಳುವ ತನಕ ಕೋವಿ ಎತ್ತಬೇಡಿ. ನಿಮಗೆ ಎಂದು ತೋರಿಸಿದ ದಿಕ್ಕು ಬಿಟ್ಟು ನಳಿಗೆ ಆಚೀಚೆ ತಿರುಗಬಾರದು. ನೀರಿನ ಮಟ್ಟಕ್ಕೆ ಹೊಡೆಯಲೇಬಾರದು, ಅಲ್ಲಿ ನಾಯಿ ಇರುತ್ತದೆ.

ಮಿತಿ ಸಾಮಾನ್ಯವಾಗಿ ದಿನಕ್ಕೆ ಒಬ್ಬರಿಗೆ 6 ಬಾತು, ಅದರೊಳಗೆ ಜಾತಿಗೊಂದು ಲೆಕ್ಕ. ಮಲ್ಲಾರ್ಡ್ ಎಂಬ ಬಾತಿನಲ್ಲಿ ಹೆಣ್ಣು 2ಕ್ಕಿಂತ ಜಾಸ್ತಿ ಆಗಬಾರದು ಎಂದು ಹೆಚ್ಚಿನ ಕಡೆ ಇದೆ. ಗಂಡಿನ ತಲೆ ಹಸಿರು, ಬೆಳಕಿದ್ದರೆ ಕಾಣುತ್ತದೆ. ಅನುಮಾನ ಬಂದರೆ ಹೊಡೆಯಬೇಡಿ. ಮನೆಯಲ್ಲಿ ಮಾಂಸ ಮುಟ್ಟದವರಿದ್ದರೆ ಅವರೂ ಕ್ಯಾಮೆರಾ ಹಿಡಿದು ಮರೆಯಲ್ಲಿ ಕೂರಬಹುದು. ಗೈಡಿಗೆ ಮೊದಲೇ ಹೇಳಿ. ಬೆಳಗಿನ ಆ ಎರಡು ಗಂಟೆಯಲ್ಲಿ ಕೋವಿಯವರಿಗಿಂತ ಅವರೇ ಜಾಸ್ತಿ ನೋಡಿರುತ್ತಾರೆ.

ಬಿದ್ದ ಹಕ್ಕಿ ಅಲ್ಲೇ

ಹೊಡೆದದ್ದನ್ನು ಹುಡುಕಿ ತರಬೇಕು, ಬಿಟ್ಟು ಬರುವುದು ಅಪರಾಧ. ಮನೆಗೆ ಒಯ್ಯುವಾಗ ತಲೆಯನ್ನೋ ಒಂದು ರೆಕ್ಕೆಯನ್ನೋ ಕತ್ತರಿಸದೆ ಉಳಿಸಬೇಕು. ದಾರಿಯಲ್ಲಿ ತಡೆದ ಅಧಿಕಾರಿಗೆ ಜಾತಿ ಗೊತ್ತಾಗಬೇಕಲ್ಲ. ಬೇರೆಯವರಿಗೆ ಕೊಡುವುದಾದರೆ ಹೆಸರು, ವಿಳಾಸ, ತಾರೀಕು, ಜಾತಿ, ಸಂಖ್ಯೆ ಬರೆದು ಸಹಿ ಹಾಕಿದ ಚೀಟಿ ಕಟ್ಟಬೇಕು. ಹಲಾಲ್ ನೋಡುವವರು ನಾಯಿ ತಂದ ಹಕ್ಕಿಯನ್ನು ತಾವೇ ಕೊಯ್ಯುವ ಬಗ್ಗೆ ಬುಕ್ಕಿಂಗ್ ಸಮಯದಲ್ಲೇ ಮಾತಾಡಿಕೊಳ್ಳಿ. ಹಕ್ಕಿಜ್ವರದ ಕಾಲ, ಸ್ವಚ್ಛ ಮಾಡುವಾಗ ಕೈಗವಸು ಹಾಕಿ, ಚೆನ್ನಾಗಿ ಬೇಯಿಸಿ. ಕಾಡುಬಾತಿನ ಎದೆಯ ಮಾಂಸ ಕೆಂಪು, ಬಿಗಿ. ನಮ್ಮ ಕೊತ್ತಂಬರಿ, ಕಾಳುಮೆಣಸಿನ ಸುಕ್ಕಕ್ಕೆ ಚೆನ್ನಾಗಿ ಒಗ್ಗುತ್ತದೆ. ಮಸಾಲೆ ಊರಿನಿಂದ ಒಯ್ದಿರುತ್ತೀರಿ, ಅಲ್ವಾ?

ಊರಿಗೆ ಏನೂ ತರಬೇಡಿ. ಹಸಿ ಮಾಂಸ, ತುಂಬಿಸಿಟ್ಟ ಹಕ್ಕಿ, ರೆಕ್ಕೆ, ಗರಿ ಯಾವುದೂ ಬೇಡ. ಕಾಡುಪ್ರಾಣಿ, ಪಕ್ಷಿಯ ಅಂಗ ತರುವುದಕ್ಕೆ ಇಲ್ಲಿ ನಿಷೇಧವಿದೆ. ಫೋಟೊ ತನ್ನಿ. ಹೊರಡುವ ಹಿಂದಿನ ರಾತ್ರಿ ಶಿಕಾರಿ ಜಾಕೆಟ್ಟಿನ ಎಲ್ಲ ಜೇಬುಗಳನ್ನೂ, ಬ್ಯಾಗಿನ ಮೂಲೆಗಳನ್ನೂ ತಡವಿ ನೋಡಿ. ಮರೆತುಹೋದ ಒಂದು ಜೀವಂತ ತೋಟೆ ದುಬೈಯಲ್ಲಿ ವಿಮಾನ ಬದಲಿಸುವಾಗಲೋ ಮಂಗಳೂರಿನಲ್ಲಿ ಇಳಿದ ಮೇಲೋ ಸ್ಕ್ಯಾನರಿಗೆ ಸಿಕ್ಕರೆ ಕೇಸು ಆಗುತ್ತದೆ. ಖಾಲಿ ತೋಟೆಯನ್ನು ನೆನಪಿಗೆ ಎಂದು ಇಟ್ಟುಕೊಂಡರೂ ಗಂಟೆಗಟ್ಟಲೆ ವಿಚಾರಣೆ ಗ್ಯಾರಂಟಿ. ಆ ಜಾಕೆಟ್ಟನ್ನು ಮಗನ ಮನೆಯಲ್ಲೇ ಬಿಟ್ಟು ಬರುವುದು ಎಲ್ಲಕ್ಕಿಂತ ಸುಲಭ.