ಸ್ಲೌ ಕೌನ್ಸಿಲ್ ಫಲಿತಾಂಶವನ್ನು ಹೊಸಬರು ಓದಬೇಕಾದ ಬಗೆ

2023ರ ಮೇ 13ರಂದು ಕರ್ನಾಟಕ ವಿಧಾನಸಭೆಯ ಮತ ಎಣಿಕೆ ಆರಂಭವಾದಾಗ ಇಂಗ್ಲೆಂಡಿನಲ್ಲಿ ಬೆಳಗಿನ ಜಾವ ಮೂರೂವರೆ ಗಂಟೆ. ಆದರೂ ಎದ್ದು ಕುಳಿತು ನೋಡಿದವರು ನಮ್ಮಲ್ಲಿ ಅನೇಕರು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಎಂಬ ಲೆಕ್ಕ ಇಂದಿಗೂ ನಾಲಗೆಯ ತುದಿಯಲ್ಲಿದೆ. ಅದಕ್ಕೆ ಒಂಬತ್ತು ದಿನ ಮೊದಲು, ಮೇ 4ರ ಗುರುವಾರ, ನಾವು ಬಾಡಿಗೆ ಕಟ್ಟಿಕೊಂಡು ಬದುಕುವ, ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣದಲ್ಲೇ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಚುನಾವಣೆ ನಡೆದು, 42 ಸ್ಥಾನಗಳಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 21, ಲೇಬರ್‌ಗೆ 18, ಲಿಬರಲ್ ಡೆಮಾಕ್ರಾಟರಿಗೆ 3 ಬಂದಿದ್ದನ್ನು ಹೇಳಬಲ್ಲವರು ಮಾತ್ರ ವಿರಳ.

ಹೊಸದಾಗಿ ಬಂದವರು ಮೊದಲು ಗಮನಿಸಬೇಕಾದದ್ದು ಇದನ್ನೇ. ಅಂದು ಇಂಗ್ಲೆಂಡಿನಾದ್ಯಂತ ಕನ್ಸರ್ವೇಟಿವ್ ಪಕ್ಷ ಸಾವಿರಕ್ಕೂ ಹೆಚ್ಚು ಸ್ಥಾನಗಳನ್ನು ಕಳೆದುಕೊಂಡಿತು. ಸ್ಲೌನಲ್ಲಿ ಮಾತ್ರ ಬಹುಕಾಲ ಆಡಳಿತದಲ್ಲಿದ್ದ ಲೇಬರ್ ಅಧಿಕಾರ ಕಳೆದುಕೊಂಡಿತು. ಟಿವಿಯ ರಾಷ್ಟ್ರೀಯ ಚರ್ಚೆಯನ್ನಷ್ಟೇ ಕೇಳಿದವರಿಗೆ ಇದು ಒಗಟಿನಂತೆ ಕಂಡೀತು, ಆದರೆ ಸ್ಥಳೀಯರಿಗೆ ಕಾರಣ ಚೆನ್ನಾಗಿ ಗೊತ್ತಿತ್ತು. 2021ರ ಜುಲೈನಲ್ಲಿ ಸ್ಲೌ ಕೌನ್ಸಿಲ್ ಸೆಕ್ಷನ್ 114 ನೋಟಿಸ್ ಹೊರಡಿಸಿ, ಆಯವ್ಯಯವನ್ನು ಸರಿದೂಗಿಸಲು ತನ್ನಿಂದಾಗದು ಎಂದು ಒಪ್ಪಿಕೊಂಡಿತು. ಆ ವರ್ಷವೇ ಬ್ರಿಟನ್ ಸರ್ಕಾರ ಕೌನ್ಸಿಲಿನ ಮೇಲ್ವಿಚಾರಣೆಗೆ ಆಯುಕ್ತರನ್ನು ಕಳುಹಿಸಿತು. ಉಳಿದ ಹೆಚ್ಚಿನ ಊರುಗಳಲ್ಲಿ ಕೌನ್ಸಿಲ್ ತೆರಿಗೆಯ ಏರಿಕೆ ಶೇ 4.99 ದಾಟಬೇಕಾದರೆ ಜನಮತ ಕೇಳಬೇಕಿದ್ದ ವರ್ಷದಲ್ಲಿ ಸ್ಲೌಗೆ ವಿಶೇಷ ಅನುಮತಿ ದೊರೆತು, 2023ರ ಏಪ್ರಿಲ್‌ನಿಂದ ಶೇ 9.99 ಏರಿಕೆ ಜಾರಿಗೆ ಬಂತು. ಆ ಏರಿಕೆ ಜಾರಿಯಾದ ಮರುತಿಂಗಳೇ ಮತದಾನ!

ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಮನೆ ಮಾಲೀಕರ ತಲೆನೋವು. ಇಲ್ಲಿ ಕೌನ್ಸಿಲ್ ತೆರಿಗೆ ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವ ಬಾಡಿಗೆದಾರರದೇ ಹೊಣೆ. ಆದ್ದರಿಂದ ಆ ಫಲಿತಾಂಶದ ಬೆಲೆಯನ್ನು ನಾವೂ ತಿಂಗಳು ತಿಂಗಳು ಕಟ್ಟುತ್ತಿದ್ದೇವೆ. ಹೀಗಿದ್ದೂ “ನಾವು ವೀಸಾದ ಮೇಲೆ ಬಂದವರು, ಇವರ ರಾಜಕೀಯ ನಮಗೇಕೆ” ಎಂಬ ಮಾತು ನಮ್ಮ ಹಬ್ಬದ ಊಟಗಳಲ್ಲಿ ಪಲ್ಯದ ಜೊತೆಗೇ ಬಡಿಸಲ್ಪಡುತ್ತದೆ. ಕಸದ ತೊಟ್ಟಿ, ಶಾಲೆಯ ಸೀಟು, ರಸ್ತೆಯ ಗುಂಡಿ, ಗ್ರಂಥಾಲಯದ ಸಮಯ ಎಲ್ಲವನ್ನೂ ಮನಸಾರೆ ಬೈಯುವ ನಾವು ಮತದಾರರ ಪಟ್ಟಿಗೆ ಹೆಸರು ಸೇರಿಸುವ ವಿಷಯದಲ್ಲಿ ಮಾತ್ರ ಅತಿಥಿಗಳಂತೆ ಸಂಕೋಚಪಡುತ್ತೇವೆ. ಈ ಸಂಕೋಚಕ್ಕೆ ಕಾನೂನಿನ ಆಧಾರವೇ ಇಲ್ಲ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಮಾನ್ಯ ವೀಸಾ ಹೊಂದಿ ಇಲ್ಲಿ ವಾಸಿಸುವ ವಯಸ್ಕರು ಕೌನ್ಸಿಲ್ ಚುನಾವಣೆಯಲ್ಲಷ್ಟೇ ಅಲ್ಲ, ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಅದರಿಂದ ಭಾರತದ ಪೌರತ್ವಕ್ಕೆ ಧಕ್ಕೆಯಿಲ್ಲ.

ಕಾಗದಪತ್ರದ ಕೆಲಸ ಚಿಕ್ಕದು: ಮತದಾನಕ್ಕೆ 12 ಕೆಲಸದ ದಿನ ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಿ, ಮತಗಟ್ಟೆಗೆ ಭಾರತದ ಪಾಸ್‌ಪೋರ್ಟ್ ಒಯ್ಯಿರಿ, ಆಧಾರ್ ನಡೆಯದು.

ಅಂದು ರಜೆ ಇರುವುದಿಲ್ಲ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತಗಟ್ಟೆ ತೆರೆದಿರುವುದರಿಂದ ಕೆಲಸ ಮುಗಿಸಿ ಹೋದರೂ ಸಾಕು. ಇವಿಎಂ ಇಲ್ಲ, ಬೆರಳಿಗೆ ಶಾಯಿ ಇಲ್ಲ, ಕಾಗದದ ಮೇಲೆ ಪೆನ್ಸಿಲ್ ಗುರುತು ಅಷ್ಟೇ. 2023ರಲ್ಲಿ ಸ್ಲೌನ 21 ವಾರ್ಡ್‌ಗಳಿಂದ ತಲಾ ಇಬ್ಬರನ್ನು ಆರಿಸಿದ್ದರಿಂದ ಪ್ರತಿ ಮತದಾರನಿಗೂ ಎರಡು ಮತಗಳಿದ್ದವು. ಎರಡನ್ನೂ ಒಂದೇ ಪಕ್ಷಕ್ಕೆ ಕೊಡಬೇಕೆಂಬ ಕಟ್ಟಳೆ ಇಲ್ಲ. ಫಲಿತಾಂಶ ಬಂದಾಗ ಒಟ್ಟು ಸ್ಥಾನಗಳನ್ನು ನೋಡಿ ಸುಮ್ಮನಾಗದೆ, ನಿಮ್ಮ ವಾರ್ಡಿನ ಹಾಳೆಯಲ್ಲಿ ಎರಡನೆಯವರಾಗಿ ಗೆದ್ದವರಿಗೂ ಮೂರನೆಯವರಾಗಿ ಸೋತವರಿಗೂ ನಡುವೆ ಎಷ್ಟು ಮತಗಳ ಅಂತರವಿದೆ ಎಂದು ನೋಡಿರಿ. 42ರಲ್ಲಿ 21 ಎಂದರೆ ಬಹುಮತಕ್ಕೆ ಒಂದೇ ಸ್ಥಾನ ಕಡಿಮೆ. ಆ ಒಂದು ಕೊರತೆಯಿಂದಾಗಿಯೇ ಮೂವರೇ ಇದ್ದ ಲಿಬರಲ್ ಡೆಮಾಕ್ರಾಟರ ಮಾತಿಗೆ ತೂಕ ಬಂತು.

ಬೆಂಗಳೂರಿನಿಂದ ಬಂದವರಿಗೆ ಈ ನಿರ್ಲಿಪ್ತತೆ ಅಂಟಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಯ ಕೈಗೆ ಹೋದ ನಗರವನ್ನು ಬಿಟ್ಟು ಬಂದವರಿಗೆ, ವಾರ್ಡಿಗೊಬ್ಬ ಪ್ರತಿನಿಧಿ ಇರುತ್ತಾನೆ, ಅವನನ್ನು ಕೇಳಬಹುದು ಎಂಬುದೇ ಮರೆತುಹೋಗಿರುತ್ತದೆ. ಲಂಡನ್ನಿಗೆ ಹೋದಾಗ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳಲು ನಾವು ಮರೆಯುವುದಿಲ್ಲ, ಆದರೆ ಅದರ ಸ್ಥಾಪನೆಗೆ ಶ್ರಮಿಸಿದ ಕಲಬುರಗಿ ಮೂಲದ ನೀರಜ್ ಪಾಟೀಲರು ಲ್ಯಾಂಬೆತ್ ಕೌನ್ಸಿಲಿನ ಸದಸ್ಯರಾಗಿ, ಮೇಯರ್ ಆಗಿ ಕೆಲಸ ಮಾಡಿದವರು ಎಂಬುದನ್ನು ನೆನೆಯುವುದಿಲ್ಲ.

ಮಕ್ಕಳಿಗೆ ಈ ಗೊಂದಲವಿಲ್ಲ. ಅವರಿಗೆ ಇದೇ ಊರು, ಈ ಕೌನ್ಸಿಲಿನ ಉದ್ಯಾನವೇ ಆಟದ ಬಯಲು. ಅಪ್ಪ ಅಮ್ಮ ವಿಧಾನಸೌಧದ ಲೆಕ್ಕಕ್ಕೆ ಜಗಳವಾಡುತ್ತಾ, ಬಾಗಿಲಿಗೆ ಬಂದ ಅಭ್ಯರ್ಥಿಗೆ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ನಟಿಸುವುದನ್ನು ಅವರು ನೋಡುತ್ತಲೇ ಬೆಳೆಯುತ್ತಾರೆ. ಊರಿನ ಮತವನ್ನು ನಾವು ಕಳೆದುಕೊಳ್ಳುತ್ತಿರುವುದೂ ನಿಜ: ಅನಿವಾಸಿ ಮತದಾರನಾಗಿ ಹೆಸರು ಸೇರಿಸಿದರೂ ಮತ ಹಾಕಲು ಖುದ್ದಾಗಿ ಮತಗಟ್ಟೆಗೇ ಹೋಗಬೇಕು, ಬ್ರಿಟಿಷ್ ಪೌರತ್ವ ಪಡೆದು ಒಸಿಐ ಕಾರ್ಡ್ ಹಿಡಿದ ಮೇಲಂತೂ ಆ ಹಕ್ಕೂ ಇಲ್ಲ. ಆ ನೋವು ಒಂದು ಕಡೆಗಿರಲಿ. ಅದನ್ನೇ ನೆಪವಾಗಿಸಿಕೊಂಡು ಇಲ್ಲಿಯ ಮತವನ್ನೂ ಬಿಟ್ಟರೆ, ಎರಡು ದೇಶಗಳಲ್ಲೂ ತೆರಿಗೆಯ ಪಟ್ಟಿಯಲ್ಲಿ ಮಾತ್ರ ನಮ್ಮ ಹೆಸರು ಉಳಿಯುತ್ತದೆ.