ಓಣಿಯ ಉಸಾಬರಿ ಹೊತ್ತವರು

ಬೆಂಗಳೂರಿನ ಮಲ್ಲೇಶ್ವರದ ಹಳೆಯ ಮನೆಗಳ ಬೆನ್ನಿಗೆ ಒಂದೊಂದು ಸಂದಿ ಇರುತ್ತದೆ. ಇಲ್ಲಿಯವರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. 1898ರ ಪ್ಲೇಗಿನ ಹೊತ್ತಿಗೆ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬೀಳಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಾಗ, ಮಲ ಹೊರುವವರು ಮುಂಬಾಗಿಲ ಕಡೆ ಸುಳಿಯದಿರಲಿ ಎಂದು ಹಿಂದೆ ಬಿಟ್ಟ ದಾರಿ ಅದು. ಒಳಚರಂಡಿ ಬಂದ ಮೇಲೆ ದಾರಿಗೆ ಕೆಲಸವಿಲ್ಲ, ಹೇಳುವವರು ಕೇಳುವವರು ಯಾರೂ ಇಲ್ಲ. ನಮ್ಮ ಓಣಿಯಲ್ಲೂ ಕಸ, ಒಡೆದ ಕಟ್ಟಡದ ಮಣ್ಣು, ಸಂಜೆಯಾದರೆ ಬಾಟಲಿಗಳು. ಸರ ಕಿತ್ತುಕೊಂಡು ಬೈಕಿನಲ್ಲಿ ಮಾಯವಾಗುವವರಿಗಂತೂ ಹೇಳಿ ಮಾಡಿಸಿದ ಜಾಗವಾಗಿತ್ತು.

ಆ ಓಣಿಯನ್ನು ಸರಿಮಾಡುವ ಕೆಲಸದಲ್ಲಿ ನಾನು ಕೆಲವು ವರ್ಷ ಓಡಾಡಿದ್ದೇನೆ. ಬೇರೆ ಬಡಾವಣೆಯವರು ನೋಡಲು ಬಂದರೆ ಬಣ್ಣ ಎಲ್ಲಿಂದ ತಂದಿರಿ, ಕ್ಯಾಮೆರಾಗೆ ಎಷ್ಟಾಯಿತು ಎಂದೇ ಶುರುಮಾಡುತ್ತಾರೆ. ನಾನು ಕೇಳುವುದು ಒಂದೇ: ನಿಮ್ಮ ಮೂಲೆಯಲ್ಲಿ ಇಸ್ತ್ರಿ ಮಾಡುವವರು ಯಾರು?

ನಿವಾಸಿಗಳ ಸಂಘದ ಅಧ್ಯಕ್ಷರು, ಕಾರ್ಯದರ್ಶಿ ಎಲ್ಲ ಒಳ್ಳೆಯವರೇ. ಆದರೆ ಹಗಲು ಆಫೀಸಿನಲ್ಲಿರುತ್ತಾರೆ, ರಾತ್ರಿ ಬಾಗಿಲು ಹಾಕಿಕೊಳ್ಳುತ್ತಾರೆ. ಇಸ್ತ್ರಿ ಗಾಡಿಯವರು ದಿನವಿಡೀ ರಸ್ತೆಗೆ ಮುಖ ಮಾಡಿ ನಿಂತಿರುತ್ತಾರೆ. ಯಾವ ಮನೆಯವರು ಊರಿಗೆ ಹೋಗಿದ್ದಾರೆ, ಯಾವ ಬೈಕು ಸುಮ್ಮನೆ ಮೂರು ಸುತ್ತು ಬಂತು ಎಂಬುದೆಲ್ಲ ಅವರಿಗೆ ಗೊತ್ತು. ಬೆಳಗಿನ ಜಾವದ ಲೆಕ್ಕ ಹಾಲಿನ ಬೂತಿನವರದು, ಪೌರಕಾರ್ಮಿಕರದು. ಸಂಜೆಯದು ಹೂವಿನ ಅಕ್ಕನದು. ಇವರನ್ನು ಸಭೆಗೆ ಕರೆದಾಗ ಇಸ್ತ್ರಿಯವರು ನೇರವಾಗಿ ಹೇಳಿದರು: "ಭಾನುವಾರ ಹನ್ನೊಂದಕ್ಕೆ ಹಾಲ್‌ನಲ್ಲಿ ಬಂದು ಕೂತ್ರೆ ಬಟ್ಟೆ ಯಾರು ಉಜ್ತಾರಮ್ಮಾ?" ಅಲ್ಲಿಂದ ಸಭೆ ಅವರ ಗಾಡಿಯ ಪಕ್ಕಕ್ಕೇ ಬಂತು, ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ. ಕೆಲವು ಪದಾಧಿಕಾರಿಗಳಿಗೆ ಇದು ಹಿಡಿಸಲಿಲ್ಲ, ಬರುವುದನ್ನು ಬಿಟ್ಟರು. ಕೆಲಸವೇನೂ ನಿಲ್ಲಲಿಲ್ಲ.

ದೀಪದ ವಿಷಯ ಬೇರೆಯೇ ಪುರಾಣ. ಕಂಬ ಕರೆಂಟು ಕೊಡುವ ಬೆಸ್ಕಾಂನದು, ಅದರ ಮೇಲಿನ ಬೀದಿದೀಪ ಪಾಲಿಕೆಯದು, ದೀಪವನ್ನು ಮುಚ್ಚಿದ ಕೊಂಬೆ ಪಾಲಿಕೆಯ ಅರಣ್ಯ ವಿಭಾಗದ್ದು. 'ನಮ್ಮ ರೋಡಲ್ಲಿ ಲೈಟಿಲ್ಲ' ಎಂದು ದೂರು ಕೊಟ್ಟರೆ ಅದು ಈ ಮೂವರ ನಡುವೆ ಸುತ್ತುತ್ತಲೇ ಇರುತ್ತದೆ. ವಿದ್ಯುತ್ ಕೆಲಸದಿಂದ ನಿವೃತ್ತರಾದ ನಮ್ಮ ಹಿರಿಯರೊಬ್ಬರು ನೋಟ್‌ಬುಕ್ಕಿನಲ್ಲಿ ಓಣಿಯ ನಕ್ಷೆ ಬರೆದು ಪ್ರತಿ ಕಂಬದ ನಂಬರು, ಎದುರಿನ ಮನೆ, ದೀಪದ ಸ್ಥಿತಿ ಗುರುತು ಹಾಕಿಕೊಂಡರು. ದೀಪ ಕೆಟ್ಟರೆ ಪಾಲಿಕೆಯ 1533, ತಂತಿ ಜೋತುಬಿದ್ದರೆ ಬೆಸ್ಕಾಂನ 1912. ದೂರಿನ ಸಂಖ್ಯೆಯೂ ಅದೇ ಪುಸ್ತಕಕ್ಕೆ ಏರುತ್ತಿತ್ತು. ಅವರು ಸಭೆಯಲ್ಲಿ ಬಾಯಿ ಬಿಟ್ಟವರಲ್ಲ. ಈ ಕೆಲಸದ ಮುಂದಾಳು ಯಾರು ಎಂದರೆ ನಾನು ಮೊದಲು ಹೇಳುವುದು ಅವರ ಹೆಸರನ್ನೇ.

ಕಸದಲ್ಲಿ ನಮಗೆ ದಾರಿ ತೋರಿಸಿದ್ದು 2010ರಿಂದ ಬೆಂಗಳೂರಿನಲ್ಲಿ ಹೆಸರು ಹೇಳಿಕೊಳ್ಳದೆ ರಸ್ತೆಯ ಮೂಲೆಗಳನ್ನು ಚೊಕ್ಕ ಮಾಡುತ್ತ ಬಂದ 'ದಿ ಅಗ್ಲಿ ಇಂಡಿಯನ್' ಗುಂಪಿನ ರೀತಿ. ಬಾಯಿ ಮುಚ್ಚಿ ಕೆಲಸ ಮಾಡು ಎಂಬುದು ಅವರ ಮಾತು. ನಾವೂ ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಬಣ್ಣ ಬಳಿದೆವು, ರಂಗೋಲಿ ಹಾಕಿದೆವು. ರಂಗೋಲಿಯ ಮೇಲೇ ಚೀಲಗಳು ಬಿದ್ದವು! ಹಾಕುತ್ತಿದ್ದವರು ಪಿ.ಜಿ. ವಸತಿಯ ಹುಡುಗರು, ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಡುವವರು ಎಂದು ಪತ್ತೆಹಚ್ಚಿದ್ದು ಒಬ್ಬ ಪೌರಕಾರ್ಮಿಕ ಮಹಿಳೆ. ಕಸದ ಆಟೋ ಬರುವ ಹೊತ್ತಿಗೆ ಈ ಹುಡುಗರು ಮನೆಯಲ್ಲೇ ಇರುವುದಿಲ್ಲ. ಪಿ.ಜಿ. ಮಾಲೀಕರನ್ನು ಕೂರಿಸಿ ಮಾತಾಡಿ, ಗೇಟಿನ ಒಳಗೇ ಡಬ್ಬಿ ಇಡಿಸಿದ ಮೇಲೆ ಚೀಲಗಳು ಕಡಿಮೆಯಾದವು.

ಪೊಲೀಸರ ಕಡೆಯಿಂದ ಅನುಕೂಲವಾದದ್ದು ರಾಜ್ಯದಲ್ಲಿ 2017ರಲ್ಲಿ ಬಂದ ಸುಧಾರಿತ ಬೀಟ್ ವ್ಯವಸ್ಥೆ. ಇಂತಿಷ್ಟು ಜಾಗಕ್ಕೆ ಇಂಥ ಕಾನ್‌ಸ್ಟೆಬಲ್ ಹೊಣೆ, ಜೊತೆಗೆ ಆ ಜಾಗದ ನಾಗರಿಕರದೊಂದು ಗುಂಪು. ಬೀಟಿನವರ ನಂಬರು ಕಾರ್ಯದರ್ಶಿಯ ಫೋನಿನಲ್ಲಿದ್ದರೆ ಸಾಲದು, ಇಸ್ತ್ರಿಯವರ ಫೋನಿನಲ್ಲೂ ಇರಬೇಕು. ವರ್ಗವಾಗಿ ಹೊಸಬರು ಬಂದಾಗ ಹೂವಿನ ಅಕ್ಕನ ಹತ್ತಿರ ಕರೆದೊಯ್ದು ಪರಿಚಯ ಮಾಡಿಸುವುದು ನನ್ನ ಪಾಲಿನ ಕೆಲಸ. ಕ್ಯಾಮೆರಾದ ಬಗ್ಗೆ ನನಗೆ ಅಂಥ ಭಕ್ತಿ ಇಲ್ಲ. ಕಳ್ಳತನವಾದ ಮೇಲೆ ಅದು ಬೇಕು, ಆಗುವಾಗ ಅದು ಕೂಗುವುದಿಲ್ಲ.

ಇಂಥ ಗುಂಪು ಕಟ್ಟುವವರು ನಿಜವಾಗಿ ಹೆದರಬೇಕಾದದ್ದು ವಾಟ್ಸ್‌ಆ್ಯಪಿಗೆ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿಗೆ ಚಾಮರಾಜಪೇಟೆಯಲ್ಲಿ ಜನ ರಾಜಸ್ಥಾನದ ಯುವಕನೊಬ್ಬನನ್ನು ಹೊಡೆದು ಕೊಂದರು. ಅವರೆಲ್ಲ ತಮ್ಮ ಬೀದಿಯನ್ನು ಕಾಯುತ್ತಿದ್ದೇವೆ ಎಂದುಕೊಂಡಿದ್ದ ಜನವೇ. ಹಾಗಾಗಿ ನಮ್ಮ ಗ್ರೂಪಿನಲ್ಲಿ ಅಪರಿಚಿತರ ಫೋಟೋ ಹಾಕುವಂತಿಲ್ಲ. ಅನುಮಾನ ಬಂದರೆ 112ಕ್ಕೋ ಬೀಟಿನವರಿಗೋ ಫೋನು, ಅಷ್ಟೇ. ಒಮ್ಮೆ ಪಾರ್ಸೆಲ್ ತರುವ ಹುಡುಗನ ಫೋಟೋ ಬಂದಾಗ ನಿವೃತ್ತ ಶಿಕ್ಷಕಿಯೊಬ್ಬರು ಹಾಕಿದವರ ಮನೆಗೇ ಹೋಗಿ, ಎದುರು ಕೂತು ಅಳಿಸಿಸಿ ಬಂದರು. ಓಣಿಯಲ್ಲಿ ಕುಡಿಯುತ್ತಿದ್ದವರಲ್ಲಿ ಕೆಲವರು ನಮ್ಮದೇ ಮನೆಗಳ ಹುಡುಗರು ಎಂಬುದನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳಿದವರೂ ಅವರೇ.

2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇರಲಿಲ್ಲ. ಸಣ್ಣ ಕೆಲಸಕ್ಕೂ ಎಂಜಿನಿಯರ್ ಆಫೀಸಿನ ಮೆಟ್ಟಿಲು ಹತ್ತಬೇಕಾಯಿತು. ಅಲ್ಲಿಗೆ ಮಾತ್ರ ಅಧ್ಯಕ್ಷರ ಲೆಟರ್‌ಹೆಡ್ ಬೇಕೇ ಬೇಕು, ಒಪ್ಪುತ್ತೇನೆ.

ಈಗ ಪಕ್ಕದ ಕ್ರಾಸಿನವರು ತಮ್ಮ ಸಂದಿಯನ್ನೂ ಸರಿಮಾಡಿಕೊಡಿ ಎನ್ನುತ್ತಿದ್ದಾರೆ. ಅದರ ಬಾಯಲ್ಲಿ ರಾತ್ರಿ ಹತ್ತರವರೆಗೆ ಒಂದು ಪಾನಿಪುರಿ ಗಾಡಿ ನಿಲ್ಲುತ್ತದೆ. ಅದನ್ನು ಎತ್ತಿಸಿ ಎಂದು ಅವರ ಸಂಘವೇ ಅರ್ಜಿ ಕೊಟ್ಟಿದೆ. ಮೊದಲು ಆ ಅರ್ಜಿ ವಾಪಸ್ ತಗೊಳ್ಳಿ, ಆಮೇಲೆ ಬರ್ತೀನಿ ಎಂದಿದ್ದೇನೆ.