ಮಾಳಿಗೆ, ನಡುಗೋಡೆ, ಕಟ್ಟೆ: ನಮ್ಮ ಓಣಿಯಲ್ಲೊಂದು ಮನೆ ರಿಪೇರಿ

ಕೊಪ್ಪಳದ ಹಳೇ ಊರಿನಲ್ಲಿ ಮಣ್ಣಿನ ಮಾಳಿಗೆ (ಮರದ ತೊಲೆ, ಹಲಗೆಗಳ ಮೇಲೆ ಮಣ್ಣು ಬಡಿದ ಚಾವಣಿ) ಮನೆ ಇದ್ದವರಿಗೆ ಬಂದವರೆಲ್ಲ ಹೇಳುವ ಮಾತು ಒಂದೇ: ಕೆಡವಿ ಆರ್‌ಸಿಸಿ ಹಾಕ್ರಿ, ಕೆಳಗೆ ಎರಡು ಮಳಿಗೆ ಮಾಡ್ರಿ, ಮೇಲೆ ಬಾಡಿಗೆಗೆ ಕೊಡ್ರಿ. ಹಾಗೆ ಹೇಳುವವರನ್ನು ನಾನು ದೂರುವುದಿಲ್ಲ. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಅವುಗಳ ಹಿಂದೆ ಬಾಡಿಗೆ ಮನೆ ಹುಡುಕುವವರು ಬಂದರು. ಗಿಣಿಗೇರಾ ಕಡೆ ಕಾರ್ಖಾನೆಗಳೆದ್ದವು. ಜಾಗಕ್ಕೆ ಬೆಲೆ ಬಂದ ಮೇಲೆ ಆರಂಕಣದ (ಕಂಬಗಳ ನಡುವಿನ ಆರು ಭಾಗಗಳ) ಮನೆಯನ್ನು ಹಾಗೇ ಇಟ್ಟುಕೊಳ್ಳುವುದು ಹಲವರಿಗೆ ನಷ್ಟದ ಬಾಬತ್ತಾಗಿ ಕಂಡಿತು.

ನಾವು ಕೆಡವಲಿಲ್ಲ. ಮಾಳಿಗೆಯ ಮಣ್ಣು ಇಳಿಸಿ ಮತ್ತೆ ಹಾಕಿಸಿದೆವು, ಗೋಡೆ ಸರಿ ಮಾಡಿದೆವು, ಮುಂದಿನ ಕಟ್ಟೆ ಉಳಿಸಿಕೊಂಡೆವು. ಕೆಲಸ ಮಾಡಿಸುತ್ತ ನನಗೆ ಮನದಟ್ಟಾದದ್ದು ಏನೆಂದರೆ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಓಣಿಯಲ್ಲಿ ನಮ್ಮ ಮನೆಯ ರಿಪೇರಿ ನಮ್ಮ ಹೊಸ್ತಿಲೊಳಗೆ ಮುಗಿಯುವುದಿಲ್ಲ. ನಮ್ಮ ಮಾಳಿಗೆಯ ನೀರು ಯಾರದೋ ಗೋಡೆಗೆ ಬೀಳುತ್ತದೆ, ಯಾರದೋ ಪಾಯದ ಗುಂಡಿ ನಮ್ಮ ಗೋಡೆಯ ಬುಡಕ್ಕೆ ಬರುತ್ತದೆ. ಹಳೇ ಮನೆ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ನಾವು ಮಾಡಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಮಾಳಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಐದಿಂಚಿನ ಆರ್‌ಸಿಸಿ ಸ್ಲ್ಯಾಬು ಮಧ್ಯಾಹ್ನದೊಳಗೆ ಕಾದು, ಹೀರಿದ ಕಾವನ್ನು ರಾತ್ರಿ ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಆ ಕಾವು ಜಂತಿ (ಮಾಳಿಗೆ ಹೊತ್ತ ಮರದ ತೊಲೆ) ಮುಟ್ಟುವಷ್ಟರಲ್ಲಿ ಹೊರಗೆ ಗಾಳಿ ತಂಪಾಗಿರುತ್ತದೆ. ನಮ್ಮ ಅತ್ತೆಯವರಿಗೆ ವಯಸ್ಸಾಗಿದೆ, ಮಧ್ಯಾಹ್ನ ಪಡಸಾಲೆಯಲ್ಲಿ ಬರಿ ನೆಲದ ಮೇಲೆ ಮಲಗುತ್ತಾರೆ. ಕೂಲರ್ ಹಚ್ಚಿದರೆ ಮೈಕೈ ನೋವು ಎನ್ನುತ್ತಾರೆ. ಮಾಳಿಗೆ ಉಳಿಸುವ ತೀರ್ಮಾನಕ್ಕೆ ನನಗೆ ಇಷ್ಟು ಕಾರಣ ಸಾಕಿತ್ತು.

ಆದರೆ ಮಾಳಿಗೆ ಬಾಗಿತ್ತು. ನಡುವಿನ ಅಂಕಣದಲ್ಲಿ ಜಂತಿಗಳು ಕೆಳಗೆ ಜಗ್ಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಗೌಂಡಿ (ಗೋಡೆ, ಗಾರೆ ಕೆಲಸದವರು) ಮೇಲೆ ಹತ್ತಿ ಹಾರೆಯಿಂದ ಒಂದು ಮೂಲೆ ಬಿಡಿಸಿ ನನ್ನನ್ನು ಕರೆದರು. ನಿಚ್ಚಣಿಕೆ ಹತ್ತಿ ನೋಡಿದೆ. ಕಡಿದ ಮಣ್ಣಿನಲ್ಲಿ ಪದರು ಪದರು ಬೇರೆ ಬೇರೆ ಬಣ್ಣ: ಬೂದಿ, ಬಿಳಚು, ಮತ್ತೆ ಕಪ್ಪು. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಹಿರಿಯರು ಹಾಕುತ್ತ ಬಂದ ಮಣ್ಣು ಅದು. ಯಾರೂ ಹಳೇದನ್ನು ತೆಗೆದಿರಲಿಲ್ಲ, ಮೇಲೆ ಮೇಲೆ ಹಾಕುತ್ತ ಹೋಗಿದ್ದರು. ಕೈಯಿಂದ ಅಳೆದರೆ ಒಂದೂವರೆ ಅಡಿ ದಪ್ಪ.

“ಅಕ್ಕಾರ, ಇದು ಜಂತಿ ತಪ್ಪಲ್ರಿ. ನಾವs ಹೊರಿಸೀವಿ,” ಎಂದರು ಗೌಂಡಿ.

ಲೆಕ್ಕ ಹಾಕಿ ನೋಡಿದರೆ ಅವರ ಮಾತು ಸರಿ. ಒಂದು ಘನ ಮೀಟರ್ ಒಣಮಣ್ಣು ಸುಮಾರು 1,600 ಕೆಜಿ ತೂಗುತ್ತದೆ. ಒಂದೂವರೆ ಅಡಿ ದಪ್ಪವೆಂದರೆ ಚದರಡಿಗೆ 65ರಿಂದ 70 ಕೆಜಿ ಭಾರ, ಅದೂ ಮಣ್ಣು ಒಣಗಿದ್ದಾಗ. ಅದನ್ನು ಎಂಟಿಂಚಿಗೆ ಇಳಿಸಿದರೆ ಚದರಡಿಗೆ 30 ಕೆಜಿ ಆಸುಪಾಸಿಗೆ ಬರುತ್ತದೆ. ಮಣ್ಣಿನ ಮನೆ ಬಿತ್ತು ಎಂಬ ಸುದ್ದಿ ಮಳೆಗಾಲದಲ್ಲಿ ಪ್ರತಿ ವರ್ಷ ಓದುತ್ತೇವೆ. ಹಸಿಯಾದ ದಪ್ಪ ಮಾಳಿಗೆಯ ಭಾರ ಎಷ್ಟಿರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದವರು ತಮ್ಮ ಮಾಳಿಗೆಯ ದಪ್ಪ ಅಳೆಯದೆ ಇರಲಾರರು. ದಯವಿಟ್ಟು ಅಳೆಯಿರಿ. ನಿಮ್ಮ ಮನೆಯಲ್ಲಿ ಮಕ್ಕಳು, ಮುದುಕರು ಅದರ ಕೆಳಗೆ ಮಲಗುತ್ತಾರೆ.

ಮಣ್ಣೆಲ್ಲ ಇಳಿಸಿದ ಮೇಲೆ ಹಲಗೆ, ಜಂತಿ ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡಿದರು. ಗಟ್ಟಿ ಇದ್ದದ್ದು ಠಣ್ ಎನ್ನುತ್ತದೆ, ಗೆದ್ದಲು ತಿಂದದ್ದು ಡೊಬ್ ಎನ್ನುತ್ತದೆ. ನಡುಭಾಗ ಎಲ್ಲವೂ ಚೆನ್ನಾಗಿತ್ತು. ಕೆಟ್ಟದ್ದು ಗೋಡೆಯೊಳಗೆ ಹೂತ ತುದಿಗಳು. ಕಾರಣ ಹೊರಗಿತ್ತು: ಹಿಂದೆ ಯಾವಾಗಲೋ ಮುಂದಿನ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಹಾಕಿಸಿದ್ದರು. ಮಣ್ಣಿನ ಗೋಡೆ ನೆಲದಿಂದ ಹಸಿ ಎಳೆದುಕೊಂಡು ಮೈಯಿಂದ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ಆರುವ ದಾರಿ ಮುಚ್ಚುತ್ತದೆ. ಹಸಿ ಒಳಗೇ ಉಳಿದು ಮೇಲೇರಿ ಜಂತಿಯ ತುದಿಗೆ ತಾಗುತ್ತದೆ, ಗಿಲಾವೂ ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಆ ಗಿಲಾವನ್ನೆಲ್ಲ ಕೆರೆಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಹಾಕಿಸಿದೆವು. ಸುಣ್ಣದ ಗಾರೆ ಗಟ್ಟಿಯಾಗಲು ಸಿಮೆಂಟಿಗಿಂತ ಹೆಚ್ಚು ಕಾಲ ಬೇಕು, ಬಿಸಿಲಿಗೆ ಬೇಗ ಒಣಗಿದರೆ ಬಿರಿಯುತ್ತದೆ. ಗೋಣಿಚೀಲ ತೋಯಿಸಿ ಹೊದಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ.

ಹೊಸ ಮಣ್ಣು ಸವಳು (ಕ್ಷಾರ ಸೇರಿದ) ಮಣ್ಣೇ ಆಗಬೇಕು. ಕೆಂಪು ಮಣ್ಣು ನೀರು ಇಂಗಿಸುತ್ತದೆ, ಎರೆ ಮಣ್ಣು ಬಿಸಿಲಿಗೆ ಬಾಯಿ ಬಿಡುತ್ತದೆ. ಸವಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುವುದರಿಂದ, ಮೊದಲ ಮಳೆಗೇ ಆ ಸಣ್ಣ ಕಣಗಳು ರಂಧ್ರಗಳಲ್ಲಿ ಕೂತು ಮೇಲ್ಮೈ ಬಿಗಿಯಾಗುತ್ತದೆ. ತುಂಗಭದ್ರಾ ಕಾಲುವೆಯ ಕೆಳಗೆ ಎಷ್ಟೋ ಹೊಲ ಸವಳು-ಜವಳಾಗಿ ಹಾಳಾಗಿವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವನ್ನು ಸರಿಪಡಿಸುವ ಬಗ್ಗೆಯೇ ಕೆಲಸ ನಡೆದಿದೆ. ರೈತನಿಗೆ ಬೇಡವಾದ ಆ ಮಣ್ಣನ್ನೇ ನಾವು ಕೇಳಿಕೊಂಡು ತಂದೆವು. ಪರೀಕ್ಷೆ ಸುಲಭ: ಒಂದು ಹಿಡಿ ಮಣ್ಣನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ರಾತ್ರಿ ಬಿಡಬೇಕು. ಬೆಳಿಗ್ಗೆ ನೀರು ತಿಳಿಯಾಗಿದ್ದರೆ ಆ ಮಣ್ಣು ಬೇಡ. ಇನ್ನೂ ಹಾಲಿನಂತೆ ರಾಡಿಯಾಗಿದ್ದರೆ ತರಬಹುದು.

ಹಲಗೆಯ ಮೇಲೆ ಬೇವಿನ ತಪ್ಪಲು ದಪ್ಪಗೆ ಹಾಸಿ, ಮಣ್ಣನ್ನು ತೆಳ್ಳನೆ ಪದರಾಗಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿದರು. ಕೆಳಗೆ ಪ್ಲಾಸ್ಟಿಕ್ ತಾಡಪತ್ರಿ ಹಾಸಿ ಎಂದು ಹಲವರು ಹೇಳಿದ್ದರು, ನಾನು ಒಪ್ಪಲಿಲ್ಲ. ಅಡುಗೆಮನೆಯ ಹಬೆ ಮೇಲೇರಿ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿ ಹಲಗೆಯಲ್ಲೇ ನಿಲ್ಲುತ್ತದೆ. ಬೆಳಕಿಂಡಿಯ ಸುತ್ತ, ಮಾಳಿಗೆಯ ನೀರು ಹೊರಬೀಳುವ ದೋಣಿಯ ಬಾಯಲ್ಲಿ ಮಾತ್ರ ಇಟ್ಟಿಗೆ ಚೂರು, ಸುಣ್ಣ ಸೇರಿಸಿದ ಗಚ್ಚು. ಬೆಳಕಿಂಡಿಯ ಅಂಚನ್ನು ಒಂದಡಿ ಎತ್ತರಿಸಿ ಮೇಲೆ ದಪ್ಪ ಗಾಜು ಕೂರಿಸಿದೆವು, ಪಕ್ಕದಲ್ಲಿ ಗಾಳಿಯಾಡಲು ಜಾಳಿಗೆ.

ಇಳಿಜಾರಿನ ವಿಷಯಕ್ಕೆ ಬಂದಾಗ ಓಣಿ ಅಡ್ಡ ಬಂತು. ಹಳೇ ಕಾಲದಲ್ಲಿ ನಮ್ಮ ಸಾಲಿನ ಮಾಳಿಗೆಗಳೆಲ್ಲ ಒಂದೇ ಎತ್ತರ. ಈ ತುದಿಯಲ್ಲಿ ಹತ್ತಿದವರು ಆ ತುದಿಯಲ್ಲಿ ಇಳಿಯಬಹುದಿತ್ತು. ಸಂಡಿಗೆ, ಮೆಣಸಿನಕಾಯಿ ಒಣಗಿಸುವುದು, ಬೇಸಿಗೆಯಲ್ಲಿ ಮಲಗುವುದು ಎಲ್ಲ ಮೇಲೆಯೇ. ನಮ್ಮ ನೀರು ಪಕ್ಕದವರ ಮಾಳಿಗೆಗೆ ಹರಿದು ಅವರ ದೋಣಿಯಿಂದ ಹಿತ್ತಲಿಗೆ ಬೀಳುತ್ತಿತ್ತು. ಆ ಮನೆ ಕೆಡವಿ ಮೂರಂತಸ್ತು ಎದ್ದಾಗ ನೀರು ಹರಿಯುತ್ತಿದ್ದ ಕಡೆಯೇ ಗೋಡೆ ನಿಂತಿತು. ಹಾಗಾಗಿ ಇಳಿಜಾರನ್ನು ಓಣಿಯ ಕಡೆ ತಿರುಗಿಸಿದೆವು, ಹತ್ತು ಅಡಿಗೆ ಎರಡಿಂಚು ಲೆಕ್ಕದಲ್ಲಿ. ನೀರು ಹಾದಿಹೋಕರ ತಲೆಯ ಮೇಲೆ ಬೀಳದಂತೆ ದೋಣಿಯಿಂದ ಚರಂಡಿವರೆಗೆ ಪೈಪು ಇಳಿಸಿದ್ದೇವೆ.

ಆ ಮೂರಂತಸ್ತಿನ ಮನೆ ಕಟ್ಟುವಾಗಿನ ಸಂಗತಿ ಎಲ್ಲರೂ ತಿಳಿಯಬೇಕಾದದ್ದು. ನಮಗೂ ಅವರಿಗೂ ನಡುಗೋಡೆ ಒಂದೇ. ಕೆಳಗೆ ಮೂರಡಿ ಕಲ್ಲು, ಮೇಲೆ ಎರಡಡಿ ದಪ್ಪದ ಮಣ್ಣು. ನಮ್ಮ ಜಂತಿ ಈ ಕಡೆಯಿಂದ, ಅವರ ಜಂತಿ ಆ ಕಡೆಯಿಂದ ಅದೇ ಗೋಡೆಯ ಮೇಲೆ ಕೂತಿದ್ದವು. ಅವರು ಜೆಸಿಬಿಗೆ ಹೇಳಿದ್ದರು. ನಾನು ಮತ್ತು ನಮ್ಮೆಜಮಾನರು ಅವರ ಮನೆಗೆ ಹೋಗಿ ಕೂತು ಮಾತಾಡಿದೆವು.

“ಕಾಕಾ, ನಿಮ್ಮ ಮನಿ ನೀವು ಕಟ್ರಿ, ಬ್ಯಾಡ ಅನ್ನೂದಿಲ್ಲ. ಗ್ವಾಡಿ ಕಡೆ ನಾಕು ಫೂಟು ಮಾತ್ರ ಕೈಲೆ ಕೆಡವಸ್ರಿ. ಆ ಆಳಿನ ಪಗಾರ ಅರ್ಧ ನಾವು ಕೊಡ್ತೀವಿ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರ್ಧ ಯಾಕವಾ, ಗ್ವಾಡಿ ನಂದೂ ಐತಿ,” ಎಂದರು. ಹಣ ತೆಗೆದುಕೊಳ್ಳಲಿಲ್ಲ.

ನಮ್ಮ ಕಡೆ ಜಂತಿಗಳಿಗೆ ಮೊದಲೇ ಆಸರೆ ಕೊಟ್ಟೆವು. ಅವರ ಜಂತಿ ಕಿತ್ತ ರಂಧ್ರಗಳನ್ನು ಅಂದಂದೇ ಕಲ್ಲು, ಮಣ್ಣು ತುಂಬಿ ಮುಚ್ಚಿಸಿದೆವು. ಕಾಲಂ ಗುಂಡಿಗಳ ವಿಷಯದಲ್ಲಿ ಅವರ ಎಂಜಿನಿಯರ್ ಒಳ್ಳೆಯ ಮನುಷ್ಯ. ಗೋಡೆಗೆ ತಾಗಿ ಹಾಕಬೇಕಿದ್ದ ಕಾಲಂಗಳನ್ನು ಎರಡಡಿ ಒಳಗೆ ಸರಿಸಿ, ಅಲ್ಲಿಂದ ಬೀಮ್ ಚಾಚಿದರು. ಗುಂಡಿಗಳನ್ನು ಒಟ್ಟಿಗೆ ತೋಡದೆ ಒಂದನ್ನು ತೋಡಿ, ಕಾಂಕ್ರೀಟ್ ಹಾಕಿ, ಮುಚ್ಚಿದ ಮೇಲೆ ಮುಂದಿನದು. ಉದ್ದಕ್ಕೂ ಒಮ್ಮೆಗೇ ತೋಡಿದ್ದರೆ ಗೋಡೆಯ ಬುಡದ ಮಣ್ಣು ಜಾರುತ್ತಿತ್ತು. ಹಳೇ ಓಣಿಯಲ್ಲಿ ಕಟ್ಟುವವರು ಎಂಜಿನಿಯರಿಗೆ ಇದೊಂದು ಮಾತು ಬಿಡದೆ ಹೇಳಬೇಕು.

ಇಷ್ಟಾದರೂ ಒಂದು ಅಪಾಯ ಉಳಿದಿತ್ತು. ಎರಡು ಮನೆಗಳ ನಡುವೆ ಬೆಚ್ಚಗೆ ಕೂತಿದ್ದ ಆ ಗೋಡೆ ಕಟ್ಟಿದ ಮೇಲೆ ಮೊದಲ ಸಲ ಮಳೆಗೆ ಮೈ ಒಡ್ಡಿತ್ತು. ಪಕ್ಕದ ಕೆಲಸ ನಿಂತುನಿಂತು ಸಾಗಿದಾಗ ಮಳೆಗಾಲ ಬಂತು. ಇಡೀ ಗೋಡೆಗೆ ತಾಡಪತ್ರಿ ಇಳಿಬಿಟ್ಟು, ಮೇಲ್ತುದಿಯನ್ನು ಕಲ್ಲು ಹೇರಿ ಕಟ್ಟಿದೆವು. ಹೊಸ ಗೋಡೆ ಎದ್ದ ಮೇಲೆ ಎರಡರ ನಡುವಿನ ಸಂದಿಗೆ ನೀರಿಳಿಯದಂತೆ ತಗಡಿನ ಮುಚ್ಚಳ: ಒಂದಂಚು ಅವರ ಗೋಡೆಗೆ ಕೊರೆದು ಸಿಕ್ಕಿಸಿದ್ದು, ಇನ್ನೊಂದಂಚು ನಮ್ಮ ಮಾಳಿಗೆಯ ಮೇಲೆ ಇಳಿದದ್ದು. ಅವರ ಹಳೇ ಜಂತಿಗಳಲ್ಲಿ ಗಟ್ಟಿ ಇದ್ದವನ್ನು ನಾವೇ ಕೊಂಡು, ನಮ್ಮಲ್ಲಿ ತುದಿ ಕೆಟ್ಟವುಗಳ ಜಾಗಕ್ಕೆ ಹಾಕಿದೆವು. ಹಳೇ ಕಂಬ, ಬಾಗಿಲು ಕೊಳ್ಳುವ ವ್ಯಾಪಾರಿಗಳು ಹೆಚ್ಚು ಹಣ ಹೇಳಿದ್ದರೂ ಕಾಕಾ ನಮಗೇ ಕೊಟ್ಟರು.

ಇನ್ನು ಕಟ್ಟೆ ಮತ್ತು ರಸ್ತೆ. ನಮ್ಮ ಮನೆಗೆ ಮೊದಲು ಎರಡು ಮೆಟ್ಟಿಲು ಹತ್ತಿ ಬರಬೇಕಿತ್ತು. ಹಳೇ ರಸ್ತೆ ಅಗೆಯದೆ ಅದರ ಮೇಲೇ ಕಾಂಕ್ರೀಟ್ ಸುರಿಯುತ್ತ ಬಂದಿದ್ದರಿಂದ ಈಗ ಹೊಸ್ತಿಲು ಮತ್ತು ರಸ್ತೆ ಹತ್ತಿರ ಹತ್ತಿರ ಸಮ. ಓಣಿಯಲ್ಲಿ ಹೊಸ ಮನೆ ಕಟ್ಟುವವರು ರಸ್ತೆಗಿಂತ ಮೂರು ಅಡಿ ಮೇಲೆ ಎತ್ತುತ್ತಾರೆ, ಬೈಕು ಹತ್ತಿಸಲು ಚರಂಡಿಯ ಮೇಲಿಂದ ರಸ್ತೆವರೆಗೆ ಸಿಮೆಂಟಿನ ರ‍್ಯಾಂಪ್ ಚಾಚುತ್ತಾರೆ. ಚರಂಡಿ ಕೆಳಗೆ ಮುಚ್ಚಿಹೋಗುತ್ತದೆ, ಪೌರಕಾರ್ಮಿಕರ ಗುದ್ದಲಿ ಅಲ್ಲಿಗೆ ಎಟುಕುವುದಿಲ್ಲ, ಕಟ್ಟಿಕೊಂಡ ನೀರು ಎತ್ತರಿಸಿಕೊಳ್ಳಲಾಗದವರ ಮನೆಗೆ ನುಗ್ಗುತ್ತದೆ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ನೀರು ನುಗ್ಗುವುದು ಯಾವಾಗಲೂ ಬಡವರ ಮನೆಗೇ.

ನಮಗೂ ಬೈಕು ಒಳಗಿಡಬೇಕಿತ್ತು. ಕಟ್ಟೆ ಪೂರ್ತಿ ಒಡೆಯದೆ, ಬಾಗಿಲಿನ ಒಂದು ಪಕ್ಕ ಮೂರಡಿ ಮಾತ್ರ ಬಿಡಿಸಿ ಇಳಿಜಾರನ್ನು ನಮ್ಮ ಜಾಗದೊಳಗೇ ಮಾಡಿದೆವು. ಚರಂಡಿಯ ಮೇಲೆ ಸಿಮೆಂಟ್ ಹಾಕದೆ ಬಂಡೆಯ ತುಂಡುಗಳನ್ನು ಜೋಡಿಸಿ, ಒಂದೊಂದಕ್ಕೂ ಕಬ್ಬಿಣದ ಬಳೆ ಹಾಕಿಸಿದ್ದೇವೆ. ಬಳೆಗೆ ಹಾರೆ ಸಿಕ್ಕಿಸಿ ಎತ್ತಿದರೆ ಚರಂಡಿ ಬಳಿಯಬಹುದು. ರಸ್ತೆಯ ನೀರು ತಡೆಯಲು ಹೊಸ್ತಿಲ ಮುಂದೆ ಒಂದು ಕಲ್ಲಿನ ಪಟ್ಟಿ. ಉಳಿದ ಕಟ್ಟೆಯನ್ನು ಎತ್ತರಿಸಿದ ರಸ್ತೆಗೆ ತಕ್ಕಂತೆ ಒಂದೂವರೆ ಅಡಿಗೆ ಏರಿಸಿ ಮೇಲೆ ಶಹಾಬಾದ್ ಕಲ್ಲು ಹಾಸಿದೆವು.

ಕಟ್ಟೆಯ ಜಾಗದಲ್ಲಿ ಶಟರ್ ಹಾಕಿದ್ದರೆ ಬಾಡಿಗೆ ಬರುತ್ತಿತ್ತು, ಗೊತ್ತು. ಆದರೆ ಓಣಿಯಲ್ಲಿ ಗೇಟು, ಶಟರುಗಳ ನಡುವೆ ಕೂರುವ ಜಾಗ ಈಗ ಬೆರಳೆಣಿಕೆ. ಮಧ್ಯಾಹ್ನ ಅತ್ತೆಯ ಜೊತೆ ಶೇಂಗಾ ಸುಲಿಯಲು ನಾಲ್ಕು ಮನೆಯ ಹೆಂಗಸರು ಬಂದು ಕೂರುತ್ತಾರೆ, ಮೂರಂತಸ್ತಿನ ಮನೆಯ ಬಾಡಿಗೆಯವರೂ ಸೇರಿ. ಹೊಸಬರ ಹೆಸರು, ಊರು, ಮಕ್ಕಳ ಶಾಲೆ ನಮಗೆ ತಿಳಿಯುವುದು ಅಲ್ಲೇ. ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ರೊಟ್ಟಿ ಬುಟ್ಟಿ ಹೊತ್ತು ಬರುವವರು ದಣಿವಾರಿಸಿಕೊಂಡು ನೀರು ಕೇಳುವುದೂ ಅಲ್ಲೇ.

ಖರ್ಚಿನ ಬಗ್ಗೆ ಕೇಳುವವರಿಗೆ: ಆರ್‌ಸಿಸಿ ಮನೆಗೆ ಹೇಳಿದ್ದ ಮೊತ್ತದ ಮೂರನೇ ಒಂದು ಪಾಲಿನೊಳಗೆ ಮುಗಿಯಿತು. ಅದರಲ್ಲಿ ದೊಡ್ಡ ಭಾಗ ಕೂಲಿ, ಸಾಮಾನಿನ ಖರ್ಚು ಕಡಿಮೆ. ಕಷ್ಟ ಇರುವುದು ಕೆಲಸ ಬಲ್ಲವರು ಸಿಗುವುದರಲ್ಲಿ. ಹರೆಯದ ಗೌಂಡಿಗಳು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ, ಮಾಳಿಗೆ ಬಡಿಯುವುದು ವಯಸ್ಸಾದವರ ಕೈಯಲ್ಲಿ ಉಳಿದಿದೆ. ನಮ್ಮ ಗೌಂಡಿ ತಮ್ಮ ಅಳಿಯನನ್ನು ಜೊತೆಗೆ ಕರೆತಂದು ಕಲಿಸಿದರು, ಅದಕ್ಕಾಗಿ ನಾವು ಒಂದು ಆಳಿನ ಪಗಾರ ಹೆಚ್ಚು ಕೊಟ್ಟೆವು.

ಈಗ ಪ್ರತಿ ಬೇಸಿಗೆ ಹೊಸ ಮಣ್ಣು ಹೇರುವ ಮೊದಲು ಅಷ್ಟೇ ಹಳೇದನ್ನು ಕೆರೆದು ಇಳಿಸುತ್ತೇವೆ. ಈ ಸಲ ಸವಳು ಮಣ್ಣಿನ ಟ್ರ್ಯಾಕ್ಟರ್ ಒಂದನ್ನು ಮೂರು ಮನೆಯವರು ಹಂಚಿಕೊಂಡೆವು. ಮುಂದೆ ರಸ್ತೆ ಮಾಡುವಾಗ ಹಳೇದನ್ನು ಅಗೆದೇ ಮಾಡಬೇಕೆಂದು ಓಣಿಯವರೆಲ್ಲ ಸಹಿ ಹಾಕಿ ನಗರಸಭೆಗೆ ಅರ್ಜಿ ಕೊಟ್ಟಿದ್ದೇವೆ. ಎದುರು ಮನೆಯವರು ತಮ್ಮ ರ‍್ಯಾಂಪ್ ಒಡೆಸಿ ನಮ್ಮ ಹಾಗೆ ಬಂಡೆ ಜೋಡಿಸಲು ಒಪ್ಪಿದ್ದಾರೆ. ದೀಪಾವಳಿ ಮುಗಿಸಿ ಬರುತ್ತೇನೆಂದು ಗೌಂಡಿ ಹೇಳಿದ್ದಾರೆ.